ಸದಾಶಿವಯ್ಯನವರ ಒಪ್ಪೋಲೆ

ಸದಾಶಿವಯ್ಯನವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಹಾಗೆ ಅನ್ನುವವರು ಯಾರೂ ಅವರ ಜೊತೆ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದವರಲ್ಲ. ಸಿಟ್ಟಿನಷ್ಟೇ ಅಯ್ಯೋ ಅನ್ನಿಸುವುದೂ ಇದೆ. ಎರಡೂ ಇರುವುದರಿಂದಲೇ ಬರೆಯುತ್ತಿದ್ದೇನೆ.

‘ಸಂಜೆಗನ್ನಡಿ’ ಎಂಬ ನಾಲ್ಕು ಪುಟದ ಸಂಜೆ ಪತ್ರಿಕೆಯೊಂದು ಮೈಸೂರಿನಲ್ಲಿತ್ತು. ಅಗ್ರಹಾರದ ಒಂದು ವಠಾರದ ಹಿಂಭಾಗದಲ್ಲಿ ಅದರ ಕಚೇರಿ. ನಂಜುಂಡಯ್ಯನವರು ಮಾಲೀಕರೂ ಹೌದು, ಸಂಪಾದಕರೂ ಹೌದು. ತೊಂಬತ್ತೇಳರಲ್ಲಿ ನಾನು ಅಲ್ಲಿ ಡಿಟಿಪಿ ಕೆಲಸಕ್ಕೆ ಸೇರಿದೆ. ಬರೆದುಕೊಟ್ಟದ್ದನ್ನು ಕಂಪ್ಯೂಟರಿನಲ್ಲಿ ಹೊಡೆದು ಪುಟ ಕಟ್ಟುವುದು ನನ್ನ ಕೆಲಸ, ಹೊಡೆದದ್ದನ್ನು ಓದಿ ಕರಡು ತಿದ್ದುವುದು ಸದಾಶಿವಯ್ಯನವರ ಕೆಲಸ. ಮೊದಲ ದಿನವೇ ನನ್ನ ಕರಡನ್ನು ಕೆಂಪು ಶಾಯಿಯಲ್ಲಿ ಮೀಯಿಸಿ ತಂದು ಮೇಜಿನ ಮೇಲಿಟ್ಟು, “ಏನಮ್ಮ ಶಿಲ್ಪಶ್ರೀ, ಒತ್ತಕ್ಷರ ಕೊಡೋದಕ್ಕೂ ಇಷ್ಟು ಜಿಪುಣತನವಾ?” ಅಂದರು. ಆ ವಾರವಿಡೀ ನಾನು ಅವರ ಜೊತೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತೂ ಆಗಲಿಲ್ಲ.

ಕರಡು ತಿದ್ದುವವರಲ್ಲಿ ಎರಡು ಜಾತಿ. ತಪ್ಪು ಕಂಡರೆ ತಿದ್ದುವವರು ಒಂದು. ತಪ್ಪು ಕಂಡರೂ ಮೂಲದಲ್ಲಿ ಹಾಗೇ ಇದೆಯಾ ಅಂತ ನೋಡಿ ಸುಮ್ಮನಾಗುವವರು ಇನ್ನೊಂದು. ಸದಾಶಿವಯ್ಯನವರು ಎರಡನೆಯವರು. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಆ ಕೆಲಸ ಮಾಡಿದವರು. “ಮೂಲದಲ್ಲಿ ಏನಿದೆಯೋ ಅದು. ನಮ್ಮ ಜಾಣತನ ನಮ್ಮ ಮನೇಲಿ ಇರಲಿ” ಎನ್ನುವುದು ಅವರ ಮಂತ್ರ. ಎಲ್ಲರೂ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂದರೆ, ಇವರು ಅದಕ್ಕೊಂದು ಬಾಲ ಸೇರಿಸುತ್ತಿದ್ದರು: “ಅಚ್ಚಾದ ಮಾತು ಹೋಗುವುದೂ ಇಲ್ಲ ಕಣಮ್ಮ. ಒಪ್ಪೋಲೆ ಹಾಕಬೇಕು.” ಅಚ್ಚಾದ ಮೇಲೆ ಕಣ್ಣಿಗೆ ಬಿದ್ದ ತಪ್ಪುಗಳನ್ನು ಪುಸ್ತಕದ ಕೊನೆಯಲ್ಲಿ ‘ಹೀಗಿರುವುದನ್ನು ಹೀಗೆ ಓದಿಕೊಳ್ಳಬೇಕು’ ಎಂದು ಪಟ್ಟಿ ಮಾಡಿ ಹಾಕುತ್ತಿದ್ದರಲ್ಲ, ಅದಕ್ಕೆ ಒಪ್ಪೋಲೆ ಅನ್ನುತ್ತಾರೆ. ಪುಸ್ತಕಗಳಲ್ಲೇ ಅದು ಕಾಣೆಯಾದ ಕಾಲದಲ್ಲಿ ಇವರು ಸಂಜೆ ಪೇಪರಿನ ಮೂರನೇ ಪುಟದ ಮೂಲೆಯಲ್ಲಿ ಒಪ್ಪೋಲೆ ಹಾಕಿಸುತ್ತಿದ್ದರು. ನಿನ್ನೆಯ ಪೇಪರಿನಲ್ಲಿ ಕಡಲೆಕಾಯಿ ಕಟ್ಟಿಸಿಕೊಂಡು ತಿಂದವನು ಇವತ್ತು ಒಪ್ಪೋಲೆ ಓದುತ್ತಾನಾ ಅಂತ ನಂಜುಂಡಯ್ಯನವರು ಗೊಣಗುತ್ತಿದ್ದರು, ಆದರೆ ಜಾಗ ಕೊಡುತ್ತಿದ್ದರು.

ಸದಾಶಿವಯ್ಯನವರ ಊರು ನಂಜನಗೂಡಿನ ಕಡೆ. ತಂದೆ ಮಠದಲ್ಲಿ ದಾಸೋಹದ ಕೆಲಸಕ್ಕಿದ್ದವರು, ಬೇಗ ತೀರಿಕೊಂಡರು. ಹುಡುಗನನ್ನು ಹತ್ತನೇ ವಯಸ್ಸಿಗೆ ಮೈಸೂರಿನ ಮಠದ ಉಚಿತ ವಿದ್ಯಾರ್ಥಿನಿಲಯಕ್ಕೆ ತಂದು ಬಿಟ್ಟರು. ಹದಿನೈದರಲ್ಲಿ ಅವರೂ ಒಬ್ಬ ಗೆಳೆಯನೂ ಬೊಂಬಾಯಿಗೆ ಓಡಿಹೋಗುವುದೆಂದು ಗೊತ್ತುಮಾಡಿಕೊಂಡರು. ಹೊರಡುವ ಮೊದಲು ಒಂದು ಸಲ ತಾಯಿಯ ಮುಖ ನೋಡೋಣವೆಂದು ಇವರು ಊರಿಗೆ ಹೋದರು. ಮಜ್ಜಿಗೆ ಅನ್ನ ಉಂಡು ಹೊಸ್ತಿಲು ದಾಟುವಾಗ ಬಾಯಿ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು: “ಹೋಗಿ ಬರ್ತೀನವ್ವಾ.”

“ಬರ್ತೀನಿ ಅಂದಮೇಲೆ ಬರಬೇಕಲ್ಲಮ್ಮ” ಎಂದು ಅವರು ಈ ಕತೆಯನ್ನು ನಗುತ್ತಾ ಹೇಳುತ್ತಿದ್ದರು. “ಟೇಸನ್ನಿನವರೆಗೂ ಹೋದೆ. ಅವನು ರೈಲು ಹತ್ತಿದ. ನಾನು ಹಾಸ್ಟೆಲಿಗೆ ವಾಪಸ್ಸು ಬಂದೆ.” ಆಮೇಲೆ ಅವರು ಕಂಡ ಅತಿ ದೂರದ ಊರೆಂದರೆ ಹಾಸನ. ಅದೂ ಒಂದು ಮದುವೆಗೆ. ಹೆಂಡತಿ ಮದುವೆಯಾದ ಮೂರನೇ ವರ್ಷಕ್ಕೆ ಹೋಗಿಬಿಟ್ಟರು, ಮಕ್ಕಳಿಲ್ಲ. ಕುವೆಂಪುನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಕಚೇರಿಗೆ ಸಿಟಿ ಬಸ್ಸು, ಕೆಂಪು ಪೆನ್ನು. ಆ ಒಂದು ಮಾತಿನ ಮೇಲೆ ಅವರಿಗೆ ಎಷ್ಟು ಹಗೆಯಿತ್ತೆಂದು ನನಗೆ ಆಗ ತಿಳಿಯಲಿಲ್ಲ.

ಶನಿವಾರದ ಸಂಚಿಕೆಯಲ್ಲಿ ಅವರದೊಂದು ಅಂಕಣ ಇತ್ತು. ಹೆಸರು ‘ಶಿಫಾರಸು’. ಯಾವ ಪುಸ್ತಕ ಓದಬಹುದು, ಯಾವ ನಾಟಕ ನೋಡಬಹುದು, ಯಾವ ಹೋಟೆಲಿನ ಖಾಲಿ ದೋಸೆಗೆ ಚಟ್ನಿ ನೀರಾಗಿಲ್ಲ, ಹೀಗೆ. ಮಠದ ಹುಡುಗನಾಗಿ ಬೆಳೆದು ಯಾರ ಶಿಫಾರಸೂ ಇಲ್ಲದೆ ಬದುಕಿದವನು ಈಗ ಊರಿಗೆಲ್ಲ ಶಿಫಾರಸು ಮಾಡುತ್ತಿದ್ದೇನೆ ಎಂದು ತಮಾಷೆ ಮಾಡಿಕೊಳ್ಳುತ್ತಿದ್ದರು.

ಅವರ ಮನೆಯ ಮುಂದೆಯೇ ಕೇಬಲ್ ವಿಶ್ವನಾಥನ ಅಂಗಡಿ. ಊರಿನ ಅರ್ಧಕ್ಕೆ ಅವನ ತಂತಿ ಹೋಗುತ್ತಿತ್ತು, ಉದಯಗಿರಿಯವರೆಗೂ. ಅವನದೇ ಒಂದು ಲೋಕಲ್ ಚಾನೆಲ್ ಇತ್ತು. ಹುಟ್ಟುಹಬ್ಬದ ಫೋಟೋ, ಸೀರೆ ಅಂಗಡಿಯ ಜಾಹೀರಾತು, ಹಳೇ ಸಿನಿಮಾ. ಎರಡು ಸಾವಿರದ ಎರಡನೇ ಇಸವಿಯ ಮಾರ್ಚಿನಲ್ಲಿ ಯಾರೋ ಗಿರಾಕಿಯ ಮಗ ಸಿಂಗಪುರದಿಂದ ತಂದ ಒಂದು ಪೆಟ್ಟಿಗೆ ಸಿಡಿ ಅವನಿಗೆ ಸಿಕ್ಕಿತು. ಜಪಾನಿನ ಕಾರ್ಟೂನು ಧಾರಾವಾಹಿ. ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಹದಿಮೂರರಲ್ಲಿ ಹನ್ನೊಂದೇ ಸಿಡಿ ಇದ್ದವು. ಕಾರ್ಟೂನ್ ಅಂದಮೇಲೆ ಮಕ್ಕಳದ್ದೇ ಎಂದು ವಿಶ್ವನಾಥ ಸಂಜೆ ಐದೂವರೆಗೆ ಹಾಕತೊಡಗಿದ.

ಕತೆ ಇಷ್ಟು. ಬೆಟ್ಟದ ಊರೊಂದರಲ್ಲಿ ಹದಿನೈದು ವರ್ಷದ ನಾಲ್ವರು ಗೆಳೆಯರು. ಅವರ ಮನೆಗಳ ಮುಂದೆ ಒಂದು ಹೊಳೆ. ಅದು ಕಡಲಿಗೆ ಹೋಗುತ್ತದೆಂದು ಶಾಲೆಯಲ್ಲಿ ಓದಿದ್ದಾರೆ, ಕಡಲನ್ನು ಮಾತ್ರ ಯಾರೂ ಕಂಡಿಲ್ಲ. ಒಂದು ದಿನ ಬೆಳಿಗ್ಗೆ ದೊಡ್ಡವರು ಏಳುವ ಮೊದಲೇ ದಂಡೆ ಹಿಡಿದು ನಡೆದುಬಿಡುತ್ತಾರೆ. ಹಸಿಯುತ್ತಾರೆ, ಯಾರದೋ ಹೊಲದಿಂದ ಮೂಲಂಗಿ ಕದಿಯುತ್ತಾರೆ, ಜಗಳವಾಡಿ ಎರಡು ದಿನ ಬೇರೆ ಬೇರೆ ದಂಡೆಯಲ್ಲಿ ನಡೆಯುತ್ತಾರೆ. ಫುಮಿ ಎಂಬ ಹುಡುಗಿಗೆ ಜ್ವರ ಬರುತ್ತದೆ, ಮೂವರು ಸರದಿಯ ಮೇಲೆ ಹೊರುತ್ತಾರೆ. ಐವತ್ತೆರಡು ವರ್ಷದ ಸದಾಶಿವಯ್ಯನವರು ವಿಶ್ವನಾಥನ ಅಂಗಡಿಯ ಸ್ಟೂಲಿನ ಮೇಲೆ ಕೂತು ಇದನ್ನು ನೋಡಿ ಮರುಳಾದರು. ಅದಕ್ಕೆ ‘ಕಡಲಿಗೆ ನಾಲ್ವರು’ ಎಂದು ತಾವೇ ಹೆಸರಿಟ್ಟರು. ಏಪ್ರಿಲ್ ಆರನೇ ತಾರೀಕು ಶನಿವಾರ ಅದು ಶಿಫಾರಸಾಗಿ ಬಂತು. ಅದರ ನಡುವಿನ ಒಂದು ತುಂಡು ನನಗೆ ಬಾಯಿಪಾಠ:

‘ಮಕ್ಕಳೇ, ಕಾರ್ಟೂನೆಂದು ಮೂಗು ಮುರಿಯಬೇಡಿ. ಹೊಸ್ತಿಲು ದಾಟುವಾಗ ಈ ನಾಲ್ವರು ಏನು ಹೇಳುತ್ತಾರೆ ಗಮನಿಸಿ. ನಮ್ಮ ಹಾಗೆ ಹೋಗಿ ಬರ್ತೀನಿ ಎಂದು ಸೊಂಟಕ್ಕೆ ಮನೆಯ ಹಗ್ಗ ಕಟ್ಟಿಕೊಂಡು ಹೊರಡುವವರಲ್ಲ ಇವರು. ಹೋಗ್ತೀನಿ. ಅಷ್ಟೇ. ಬರುವ ಮಾತಾಡಿ ಹೊರಟವನು ಬೀದಿಯ ತಿರುವಿನವರೆಗೆ ಮಾತ್ರ ಹೋಗುತ್ತಾನೆ.’

ಹೊಡೆಯುವಾಗಲೇ ನಾನು ಕೈ ನಿಲ್ಲಿಸಿದೆ. ನಮ್ಮಲ್ಲಿ ಯಾರೂ ಹೋಗ್ತೀನಿ ಅನ್ನುವುದಿಲ್ಲ. ಅಂಗಡಿಗೆ ಉಪ್ಪು ತರಲು ಹೋದರೂ ಹೋಗಿ ಬರ್ತೀನಿ. ಬಾಯಿತಪ್ಪಿ ಹೋಗ್ತೀನಿ ಅಂದ ಮಗುವಿನ ತಲೆಗೆ ಅಜ್ಜಿ ಒಂದು ಮೊಟಕಿ, ಒಳಗೆ ಕರೆದು ಕೂರಿಸಿ, ನೀರು ಕುಡಿಸಿ ಮತ್ತೆ ಕಳಿಸುತ್ತಾಳೆ. ಬರದೇ ಹೋಗುವವರು ಸತ್ತವರು ಮಾತ್ರ.

“ಸಾರ್, ಇದು ಕೆಟ್ಟ ಮಾತು. ಮಕ್ಕಳಿಗೆ ಯಾಕೆ ಹೇಳಿಕೊಡ್ತೀರಿ?” ಅಂದೆ.

“ಮೂಲದಲ್ಲಿ ಹಾಗಿದೆ ಕಣಮ್ಮ. ಕೆಳಗಡೆ ಐ ಆಮ್ ಗೋಯಿಂಗ್ ಅಂತ ಇಂಗ್ಲಿಷಲ್ಲಿ ಬರುತ್ತೆ. ಗೋಯಿಂಗ್ ಅಂದ್ರೆ ಹೋಗ್ತೀನಿ. ಅದರಲ್ಲಿ ಕಮಿಂಗ್ ಎಲ್ಲಿದೆ ತೋರಿಸು.”

ನಾನು ತೋರಿಸಲಿಲ್ಲ. ಹೊಡೆದು ಮುಗಿಸಿ ಮನೆಗೆ ಹೋದೆ.

ಅಂಕಣಕ್ಕೆ ಹಿಂದೆಂದೂ ಬರದಷ್ಟು ಕಾಗದಗಳು ಬಂದವು. ಹೆಚ್ಚಿನ ಮಕ್ಕಳಿಗೆ ಆ ಇಂಗ್ಲಿಷ್ ಓದುವಷ್ಟರಲ್ಲಿ ಅಕ್ಷರ ಓಡಿಹೋಗುತ್ತಿತ್ತು. ಆದ್ದರಿಂದ ವಾರದ ಕತೆಯನ್ನು ಕನ್ನಡದಲ್ಲಿ ಬರೆಯಿರಿ ಎಂದು ಕೇಳಿದರು. ಸದಾಶಿವಯ್ಯನವರು ಹಿಗ್ಗಿ ಬರೆದರು. ಹಾಗೆ ಆ ಮಕ್ಕಳಿಗೆ ಚಿತ್ರ ವಿಶ್ವನಾಥನ ಚಾನೆಲಿನಿಂದ, ಮಾತು ಇವರಿಂದ.

ಉದಯಗಿರಿಯಲ್ಲಿ ಕೆಂಚಮ್ಮ ಎಂಬವಳಿದ್ದಳು. ಗಂಡ ಗಾರೆ ಕೆಲಸದಲ್ಲಿ ಸಾರುವೆಯಿಂದ ಬಿದ್ದು ಸತ್ತಿದ್ದ. ಮನೆಯಲ್ಲೇ ಊದುಬತ್ತಿ ಹೊಸೆದು ಒಬ್ಬಳೇ ಮಗಳನ್ನು ಸಾಕುತ್ತಿದ್ದಳು. ಮಗಳು ಸಿಂಚನ. ಆ ವರ್ಷ ಎಸ್ಸೆಸ್ಸೆಲ್ಸಿ ಬರೆದು ರಜೆಯಲ್ಲಿದ್ದಳು. ಪಕ್ಕದ ಮನೆಯ ಟಿವಿಯಲ್ಲಿ ಕಡಲಿಗೆ ನಾಲ್ವರು ನೋಡುತ್ತಿದ್ದಳು, ಪೇಪರಿನ ತುಂಡುಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದಳು. ಏಪ್ರಿಲ್ ಇಪ್ಪತ್ತೊಂದು, ಭಾನುವಾರ. ಕೆಂಚಮ್ಮ ನಲ್ಲಿಯಿಂದ ನೀರು ಹಿಡಿದು ಬರುವಷ್ಟರಲ್ಲಿ ಮಗಳಿಲ್ಲ. ಕ್ಯಾಲೆಂಡರಿನ ಹಿಂದಿನ ದಿನದ ಹಾಳೆ ಹರಿದು, ಅದರ ಬೆನ್ನಿನ ಮೇಲೆ ಬರೆದಿಟ್ಟಿದ್ದಳು: ‘ಅಮ್ಮ, ಹೋಗ್ತೀನಿ.’

ಕೆಂಚಮ್ಮನಿಗೆ ಓದು ಬರದು. ಪಕ್ಕದ ಮನೆಯವರು ಓದಿ ಹೇಳಿದರು. ಚೀಟಿ ಹಿಡಿದು ಠಾಣೆಗೆ ಓಡಿದಳು. ಅಲ್ಲಿನ ರೈಟರು ಚೀಟಿ ನೋಡಿ, “ಬರೋಳಾಗಿದ್ರೆ ಹೋಗಿ ಬರ್ತೀನಿ ಅಂತ ಬರೀತಿದ್ಲು ಕಣಮ್ಮ. ಇದು ಯಾರ್ ಜೊತೇನೋ ಹೋಗಿರೋ ಕೇಸು. ನಾಲ್ಕು ದಿನ ನೋಡು, ಅವಳೇ ಫೋನ್ ಮಾಡ್ತಾಳೆ” ಅಂದ. ಅವನ ತರ್ಕ ಕೆಟ್ಟದ್ದು ಅನ್ನೋಣವೆಂದರೆ, ಈ ಸೀಮೆಯಲ್ಲಿ ಹುಟ್ಟಿದ ಯಾರೇ ಆದರೂ ಆ ಚೀಟಿಯನ್ನು ಹಾಗೇ ಓದುತ್ತಿದ್ದರು. ನಾನೂ ಹಾಗೇ ಓದುತ್ತಿದ್ದೆ.

ಮೂರನೇ ದಿನ ಸಿಂಚನಳ ಜೊತೆಯ ಇಬ್ಬರು ಹುಡುಗಿಯರು ಬಾಯಿಬಿಟ್ಟರು. ಮೂವರೂ ಸೇರಿ ಕಡಲಿಗೆ ಹೋಗುವುದೆಂದು ಆಗಿತ್ತಂತೆ. ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋಗಿ, ಕಪಿಲೆ ಕಾವೇರಿಯನ್ನು ಸೇರುವ ಸಂಗಮದಿಂದ ದಂಡೆ ಹಿಡಿದು ನಡೆಯುವುದು, ಕಾವೇರಿ ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ. ಬಿಸಿಲೇರುವಷ್ಟರಲ್ಲಿ ಈ ಇಬ್ಬರಿಗೂ ಭಯವಾಗಿ ಬಸ್ಸು ಹತ್ತಿ ವಾಪಸ್ಸು ಬಂದಿದ್ದರು. ಬೈಗುಳಕ್ಕೆ ಹೆದರಿ ಸುಮ್ಮನಿದ್ದರು. ಸಿಂಚನ ಮಾತ್ರ, ನೀವು ಹೋಗಿ, ನಾನು ಸ್ವಲ್ಪ ಮುಂದಕ್ಕೆ ನೋಡ್ಕೊಂಡು ಬರ್ತೀನಿ ಅಂದಳಂತೆ. ಪೊಲೀಸರು ಆಮೇಲೆ ಹೊಳೆಯಲ್ಲಿ ಹುಡುಕಿದರು, ದಂಡೆಯ ಊರುಗಳಲ್ಲಿ ಕೇಳಿದರು. ಮೂರು ದಿನ ಹಳೆಯದಾದ ದಾರಿಯಲ್ಲಿ ಏನೂ ಸಿಗಲಿಲ್ಲ. ಚಪ್ಪಲಿ ಕೂಡ ಸಿಗಲಿಲ್ಲ.

ಮೇ ತಿಂಗಳ ಮೊದಲ ವಾರ ಕೆಂಚಮ್ಮ ನಮ್ಮ ಕಚೇರಿಗೆ ಬಂದಳು. ಕೈಯೆಲ್ಲ ಊದುಬತ್ತಿಯ ಕಪ್ಪು. ಪ್ಲಾಸ್ಟಿಕ್ ಕವರಿನಿಂದ ಪೇಪರಿನ ತುಂಡೊಂದನ್ನು ತೆಗೆದು ನನ್ನ ಮುಂದಿಟ್ಟು, “ಇದ ಬರ್ದೋರು ಯಾರವ್ವ?” ಅಂತ ಕೇಳಿದಳು. ಮಗಳ ಕಂಪಾಸ್ ಬಾಕ್ಸಿನಲ್ಲಿತ್ತಂತೆ. ಏಪ್ರಿಲ್ ಆರರ ಶಿಫಾರಸು. ಹೋಗ್ತೀನಿ ಎಂಬ ಮಾತಿನ ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಎರಡು ಗೆರೆ ಎಳೆದಿತ್ತು.

ಸದಾಶಿವಯ್ಯನವರು ಎದ್ದು ನಿಂತರು. ತುಂಡನ್ನು ಓದಿದರು, ಮತ್ತೆ ಓದಿದರು, ತಪ್ಪು ಹುಡುಕುವವರ ಹಾಗೆ. ಅವಳು ನಡೆದದ್ದನ್ನೆಲ್ಲ ಹೇಳಿ ಮುಗಿಸುವವರೆಗೂ ಕೂರಲಿಲ್ಲ. ಬೈಯುತ್ತಾಳೆ, ಎದೆ ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಕಾದೆ. ಅವಳು ಬೈಯಲಿಲ್ಲ.

“ನೀವ್ ಬರ್ದುದ್ದ ನೋಡಿ ಒಂಟೋದ್ಲು ಬುದ್ಧಿ. ನೀವ್ ಬರ್ದ್ರೆ ಬತ್ತಾಳೆ. ಆ ಮಕ್ಳು ಮನೇಗ್ ವಾಪಸ್ ಬಂದ್ರು ಅಂತ ಬರೀರಿ. ಎಲ್ಲಿದ್ರೂ ಪೇಪರ್ ನೋಡ್ತಾಳೆ ಅವ್ಳು.”

“ಅಮ್ಮ, ಅದು ನನ್ನ ಕತೆಯಲ್ಲ. ಜಪಾನಿನವರ ಕತೆ. ಮೂಲದಲ್ಲಿ ಇಲ್ಲದ್ದನ್ನ ನಾನು ಬರೆಯೋಕೆ ಬರಲ್ಲ.”

“ಜಪಾನ್ನೋರು ಅವ್ಳಿಗೆ ಕನ್ನಡದಲ್ಲಿ ಏಳಿದ್ರಾ?” ಅಂದಳು ಕೆಂಚಮ್ಮ. “ಏಳಿದ್ದು ನೀವಲ್ವಾ?”

ಆ ಶನಿವಾರ ಸದಾಶಿವಯ್ಯನವರು ಜೀವನದಲ್ಲಿ ಮೊದಲ ಸಲ ಮೂಲದಲ್ಲಿಲ್ಲದ್ದನ್ನು ಬರೆದರು. ಅನುಕೂಲಕ್ಕೆ ವಿಶ್ವನಾಥನ ಸಿಡಿಗಳೂ ಹನ್ನೊಂದಕ್ಕೆ ಮುಗಿದಿದ್ದವು, ಮುಂದೇನೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಲ್ವರು ಕಡಲಿಗೆ ಇನ್ನೆರಡು ದಿನದ ದಾರಿ ಇರುವಾಗ ಫುಮಿ ನಿಂತಳು, ಮನೆಯ ಅಡುಗೆಯ ವಾಸನೆ ನೆನಪಾಯಿತು, ಹೊಳೆಗೆ ಎದುರಾಗಿ ತಿರುಗಿ ನಡೆಯತೊಡಗಿದರು ಎಂದು ಬರೆದರು. ನಾಲ್ಕು ಗಂಟೆಗೆ ಕೆಂಚಮ್ಮ ಬಂದಳು. ನಾನು ಓದಿ ಹೇಳಿದೆ. “ಇನ್ನೆಷ್ಟ್ ದೂರ ಅದೆ?” ಎಂದು ಕೇಳಿದಳು. ನಾನು ಒಳಗೆ ನೋಡಿದೆ. ಸದಾಶಿವಯ್ಯನವರು ತಲೆ ತಗ್ಗಿಸಿ ಏನೋ ತಿದ್ದುತ್ತಿದ್ದರು. ಅವರ ಮುಂದೆ ಕರಡೇ ಇರಲಿಲ್ಲ.

ಹಾಗೆ ಆರು ವರ್ಷ ನಡೆಯಿತು. ಸುಳ್ಳಲ್ಲ, ಆರು ವರ್ಷ. ಚಾನೆಲಿನಲ್ಲಿ ಧಾರಾವಾಹಿ ನಿಂತಿತು, ಅದನ್ನು ನೋಡಿದ ಮಕ್ಕಳು ಕಾಲೇಜು ಸೇರಿದರು, ಅಂಕಣ ಮಾತ್ರ ಪ್ರತಿ ಶನಿವಾರ ಬಂತು, ಓದಿಸಿಕೊಳ್ಳಲು ಕೆಂಚಮ್ಮನೂ ಬಂದಳು. ನಂಜುಂಡಯ್ಯನವರಿಗೆ ವಿಷಯ ಗೊತ್ತಿತ್ತು, ಸುಮ್ಮನಿದ್ದರು. ಜಪಾನಿನ ಆ ನಾಲ್ವರು ಬರಬರುತ್ತಾ ನಮ್ಮವರಾದರು. ಚುರುಮುರಿ ತಿಂದರು, ಛತ್ರದ ಜಗಲಿಯಲ್ಲಿ ಮಲಗಿದರು, ಹೊಳೆಗೆ ಕಲ್ಲಿನ ಸೋಪಾನ ಬಂತು. ಒಂದು ವಾರ ಫುಮಿಗೆ ದಾರಿಯಲ್ಲಿ ಫೋನು ಬೂತು ಸಿಕ್ಕಿ, ಮನೆಯ ನಂಬರು ಮರೆತುಹೋಗಿ, ಕಷ್ಟಪಟ್ಟು ನೆನಪು ಮಾಡಿಕೊಂಡು ಒಂದೊಂದೇ ಅಂಕಿ ಹೇಳುತ್ತಾಳೆ. ಹೊಡೆಯುವಾಗ ನನಗೆ ಗೊತ್ತಾಯಿತು, ಅದು ಕೆಂಚಮ್ಮನ ಮನೆಯ ಪಕ್ಕದ ಅಂಗಡಿಯ ಕಾಯಿನ್ ಫೋನಿನ ನಂಬರು. ಪ್ರಿಂಟಾದ ಮೇಲೆ ಯಾರ್ಯಾರೋ ಪಡ್ಡೆಗಳು ಫೋನು ಮಾಡಿ ಅಂಗಡಿಯವನಿಂದ ಬೈಸಿಕೊಂಡರು. ಬರಬೇಕಾದ ಫೋನು ಬರಲಿಲ್ಲ.

ನಾಲ್ವರನ್ನು ಅವರು ಮನೆ ಮುಟ್ಟಿಸಲೂ ಇಲ್ಲ. ಒಮ್ಮೆ ಊರಿನ ಅಂಚಿಗೆ ತಂದು, ಮನೆಗಳ ಹೊಗೆ ಕಾಣಿಸುವಷ್ಟು ಹತ್ತಿರ ತಂದು, ಸೇತುವೆ ಮುರಿದುಬಿತ್ತೆಂದು ಬರೆದು ಸುತ್ತು ದಾರಿಗೆ ಹಾಕಿದರು. ಅವತ್ತು ಕೆಂಚಮ್ಮ ಓದಿಸಿಕೊಂಡವಳೇ ಎದ್ದು ಹೋದಳು. ನನಗೆ ತಡೆಯಲಾಗಲಿಲ್ಲ.

“ಸುಮ್ನೆ ಮನೆ ಸೇರಿಸಿ ಸಾರ್. ಆ ಹೆಂಗಸಿನ ಹೊಟ್ಟೆ ಯಾಕೆ ಉರಿಸ್ತೀರಿ?”

“ಸೇರಿಸಿದ ವಾರ ಇವಳ ಮಗಳು ಬರದೇ ಹೋದರೆ?” ಅಂದರು. “ನಡೀತಾ ಇದ್ದಾರೆ ಅಂದ್ರೆ ಇನ್ನೂ ದಾರಿ ಇದೆ ಅಂತಮ್ಮ.”

ಅದು ಕರುಣೆಯೋ ಹೇಡಿತನವೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಅವತ್ತು ಮಾತ್ರ ಹೇಡಿತನ ಎಂದೇ ಅನ್ನಿಸಿತು, ಹಾಗೇ ಅಂದೂಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಹೌದಿರಬಹುದು ಅಂದರು.

ಎರಡು ಸಾವಿರದ ಐದರಲ್ಲಿ ಕೊಳ್ಳೇಗಾಲದ ಕಡೆ ಹೊಳೆಯಲ್ಲಿ ಒಂದು ಹೆಣ ಸಿಕ್ಕಿ, ಗುರುತು ಹಿಡಿಯಲು ಕೆಂಚಮ್ಮನನ್ನು ಕರೆಸಿದರು. ಸದಾಶಿವಯ್ಯನವರು ಜೊತೆಗೆ ಹೋದರು. ಅದು ಬೇರೆ ಯಾರದೋ ಮಗಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೆಂಚಮ್ಮ, “ಯಾರೆತ್ತ ಮಗೀನೋ, ಬಟ್ಟೆ ಸರೀಗಿರ್ಲಿಲ್ಲ, ನನ್ ಸೆರಗ್ನ ಅರ್ದು ಒದಿಸ್ಬುಟ್ಟು ಬಂದೆ” ಅಂದಳಂತೆ. ಇದನ್ನು ನನಗೆ ಹೇಳುವಾಗ ಸದಾಶಿವಯ್ಯನವರು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎರಡು ಸಾವಿರದ ಎಂಟರ ಜೂನಿನಲ್ಲಿ ನಂಜುಂಡಯ್ಯನವರು ಪತ್ರಿಕೆ ನಿಲ್ಲಿಸುವುದಾಗಿ ಹೇಳಿದರು. ತಿಂಗಳ ಕೊನೆಯ ಶನಿವಾರವೇ ಕೊನೆಯ ಸಂಚಿಕೆ. ಇನ್ನು ನಾಲ್ವರನ್ನು ನಡೆಸಲು ದಾರಿಯಿರಲಿಲ್ಲ. ಸದಾಶಿವಯ್ಯನವರು ಮೂರನೇ ದಿನ ವಿಶ್ವನಾಥನ ಹತ್ತಿರ ಹೋಗಿ ಆ ಧಾರಾವಾಹಿಯ ಕೊನೆಯ ಎರಡು ಭಾಗ ಹೇಗಾದರೂ ಹುಡುಕಿಕೊಡು ಎಂದು ಕೇಳಿಕೊಂಡರು. ಮೂಲದಲ್ಲಿ ಏನಿದೆಯೋ ಅದನ್ನೇ ಬರೆದು ಮುಗಿಸುತ್ತೇನೆ ಅಂದರು. ವಿಶ್ವನಾಥ ಆಗ ಸೈಬರ್ ಕೆಫೆಯನ್ನೂ ಇಟ್ಟಿದ್ದ. ಇಂಟರ್ನೆಟ್ಟಿನಿಂದ ಇಳಿಸಿ ಒಂದು ಸಿಡಿಗೆ ಹಾಕಿಕೊಟ್ಟ. ಮೊದಲ ಭಾಗವನ್ನೂ ಸೇರಿಸಿದ್ದ. ಆದರೆ ಯಾವುದರಲ್ಲೂ ಇಂಗ್ಲಿಷ್ ಅಕ್ಷರ ಇರಲಿಲ್ಲ.

ಜಪಾನಿ ಬಲ್ಲವರು ಎಲ್ಲಿ ಸಿಗುತ್ತಾರೆ? ಗೋಕುಲಂನಲ್ಲಿ. ಯೋಗ ಕಲಿಯಲು ಬಂದ ಪರದೇಶದವರು ಅಲ್ಲಿ ಬೀದಿಗೆ ಹತ್ತು ಮಂದಿ. ಯಾದವಗಿರಿಯಲ್ಲಿ ನನ್ನ ಪರಿಚಯದ ಪ್ರೇಮಮ್ಮ ಅವರಿಗೆಲ್ಲ ಊಟ ಕಳಿಸುತ್ತಿದ್ದರು. ಅವರ ಗಿರಾಕಿಗಳಲ್ಲಿ ಯೋಷಿಕೊ ಎಂಬ ಜಪಾನಿ ಹೆಂಗಸು ಇದ್ದಳು, ಸುಮಾರು ನಲವತ್ತು ವರ್ಷದವಳು. ಒಂದು ಮಧ್ಯಾಹ್ನ ನನ್ನ ಸ್ಕೂಟಿಯ ಹಿಂದೆ ಸದಾಶಿವಯ್ಯನವರನ್ನು ಕೂರಿಸಿಕೊಂಡು ಅವಳ ಮನೆಗೆ ಹೋದೆ. ಚಾಪೆ ಹಾಸಿ, ಬೆಲ್ಲದ ಚಹಾ ಕೊಟ್ಟು, ಲ್ಯಾಪ್‌ಟಾಪ್ ತೆರೆದು ಕೂತಳು. ಮುರುಕು ಇಂಗ್ಲಿಷಿನಲ್ಲಿ ಮಾತು ಮಾತಿಗೂ ನಿಲ್ಲಿಸಿ ಅರ್ಥ ಹೇಳಿದಳು. ಹನ್ನೆರಡನೇ ಭಾಗದಲ್ಲಿ ನಾಲ್ವರೂ ಕಡಲು ಕಂಡರು. ಹದಿಮೂರನೆಯದರಲ್ಲಿ ಬಸ್ಸು ಹತ್ತಿ ಮನೆಗೆ ಬಂದರು. ಅಷ್ಟೇ. ಆರು ವರ್ಷ ಇವರು ನಡೆಸಿದ ದಾರಿಯನ್ನು ಆ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದರು.

ಆಮೇಲೆ ಸದಾಶಿವಯ್ಯನವರು ಮೊದಲ ಭಾಗ ಹಾಕಿಸಿದರು. ನಾಲ್ಕು ಮನೆ, ನಾಲ್ಕು ಹೊಸ್ತಿಲು, ಒಳಗೆ ಮಲಗಿದ ದೊಡ್ಡವರು. ಪ್ರತಿಯೊಂದು ಮಗುವೂ ಪಿಸುದನಿಯಲ್ಲಿ ಒಂದೇ ಮಾತು ಹೇಳಿ ಬಾಗಿಲು ಎಳೆದುಕೊಳ್ಳುತ್ತದೆ. ಇತ್ತೆಕಿಮಾಸ್. ಇದರ ಅರ್ಥವೇನೆಂದು ಕೇಳಿದರು.

ಯೋಷಿಕೊ ಇಂಗ್ಲಿಷಿನಲ್ಲಿ ಐ ಆಮ್ ಗೋಯಿಂಗ್ ಅಂದಳು. ಸದಾಶಿವಯ್ಯನವರ ಮುಖ ಸ್ವಲ್ಪ ಹಗುರವಾಯಿತು. ಅವಳು ಒಂದು ಗಳಿಗೆ ಯೋಚಿಸಿ ತಲೆಯಾಡಿಸಿದಳು. ಅಲ್ಲ, ಇಂಗ್ಲಿಷಿನಲ್ಲಿ ಸರಿಯಾದ ಮಾತಿಲ್ಲ, ಅದಕ್ಕೇ ಹಾಗೆ ಹಾಕುತ್ತಾರೆ ಅಂದಳು. ಎರಡು ಬೆರಳನ್ನು ಚಾಪೆಯ ಮೇಲೆ ಕಾಲಿನ ಹಾಗೆ ಆಚೆ ನಡೆಸಿದಳು, ಅಲ್ಲಿಂದ ತಿರುಗಿಸಿ ತನ್ನ ಕಡೆಗೆ ನಡೆಸಿದಳು. ಇತ್ತೆ ಅಂದರೆ ಹೋಗಿ. ಕಿಮಾಸ್ ಅಂದರೆ ಬರುತ್ತೇನೆ. ನಮ್ಮಲ್ಲಿ ಬರೀ ಹೋಗುತ್ತೇನೆ ಎಂದು ಹೇಳಿ ಮನೆ ಬಿಡುವುದಿಲ್ಲ, ಹಾಗೆ ಹೇಳಿದರೆ ತಾಯಿ ಹೆದರುತ್ತಾಳೆ. ತಾಯಿಯೂ ಹೋಗಿ ಬಾ ಎಂದು ತಿರುಗಿ ಹೇಳಬೇಕು. ಈ ಮಕ್ಕಳಿಗೆ ಅದನ್ನು ಹೇಳುವವರು ಎದ್ದಿರಲಿಲ್ಲ ನೋಡಿ ಅಂದಳು.

ನಾನು ಸದಾಶಿವಯ್ಯನವರ ಕಡೆ ನೋಡಲಿಲ್ಲ. ನೋಡಬಾರದು ಅನ್ನಿಸಿತು. ಅವರ ಚಹಾ ಲೋಟ ಹಾಗೇ ಇತ್ತು. ಸ್ಕೂಟಿಯಲ್ಲಿ ಬರುವಾಗ ಆಕಾಶವಾಣಿ ಸರ್ಕಲ್ಲಿನ ಹತ್ತಿರ ಒಂದೇ ಒಂದು ಮಾತಾಡಿದರು. “ನಮ್ಮವ್ವನ ಮನೆ ಹೊಸ್ತಿಲ ಮಾತು ಕಣಮ್ಮ. ಜಪಾನಿನಲ್ಲೂ ಅದೇ ಇತ್ತು. ಕನ್ನಡಕ್ಕೆ ಬಂದದ್ದು ಮಾತ್ರ ಬೇರೆ.”

ಕೊನೆಯ ಶನಿವಾರದ ಸಂಚಿಕೆಗೆ ಅವರು ಕತೆ ಕೊಡಲಿಲ್ಲ. ಶಿಫಾರಸಿನ ಜಾಗದಲ್ಲಿ ಓದುಗರಿಗೆ ವಂದನೆಗಳನ್ನು ಹಾಕಿಸಿ, ಮೂರನೇ ಪುಟದ ಮೂಲೆಗೆ ಒಂದು ಚೀಟಿ ಕೊಟ್ಟರು. ನಾನು ಹೊಡೆದೆ. ಅವರೇ ಕರಡು ನೋಡಿದರು. ತಪ್ಪಿರಲಿಲ್ಲ.

ನಾಲ್ಕು ಗಂಟೆಗೆ ಕೆಂಚಮ್ಮ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು. ಆರು ವರ್ಷದಲ್ಲಿ ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. “ಎಲ್ಲಿಗ್ ಬಂದ್ರವ್ವ?” ಎಂದು ಕೇಳಿದಳು. ಈ ಸಲ ಸದಾಶಿವಯ್ಯನವರು ಒಳಗೆ ಕೂರಲಿಲ್ಲ, ಬಂದು ಅವಳ ಎದುರಿಗೆ ನಿಂತರು. ನಾನು ಮೂರನೇ ಪುಟ ಬಿಡಿಸಿ ಓದಿದೆ:

‘ಒಪ್ಪೋಲೆ. ದಿನಾಂಕ 6-4-2002ರ ಸಂಚಿಕೆಯ ಶಿಫಾರಸು ಅಂಕಣದಲ್ಲಿ ಹೋಗ್ತೀನಿ ಎಂದು ಅಚ್ಚಾಗಿರುವುದನ್ನು ಹೋಗಿ ಬರ್ತೀನಿ ಎಂದು ಓದಿಕೊಳ್ಳಬೇಕು. ಮೂಲದಲ್ಲಿ ಹಾಗೆಯೇ ಇತ್ತು. ನಾಲ್ವರೂ ಮನೆ ಸೇರಿದರು. ತಪ್ಪು ಬರೆದವನದು.’

ಕೆಂಚಮ್ಮನಿಗೆ ಅರ್ಥವಾಗಲಿಲ್ಲವೇನೋ ಎಂದು ನಾನು ಬಿಡಿಸಿ ಹೇಳಲು ಹೋದೆ. ಅವಳು ಕೈ ಎತ್ತಿ ತಡೆದಳು. ಸದಾಶಿವಯ್ಯನವರ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಕ್ಯಾಲೆಂಡರಿನ ಹಾಳೆ ತೆಗೆದಳು. ಠಾಣೆಯವರು ವಾಪಸ್ಸು ಕೊಟ್ಟಿದ್ದ ಚೀಟಿ. ಮಡಿಕೆಯಲ್ಲಿ ಹರಿದು ಎರಡಾಗಿತ್ತು.

“ಅಂಗಾದ್ರೆ ಇದ್ನೂ ತಿದ್ಬುಡಿ ಬುದ್ಧಿ” ಅಂದಳು.

ಸದಾಶಿವಯ್ಯನವರು ಹಾಳೆಯನ್ನು ಬೆಂಚಿನ ಮೇಲೆ ಇಟ್ಟು ಎರಡು ತುಂಡನ್ನೂ ಜೋಡಿಸಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದರು. ಬೇರೊಬ್ಬರ ಮೂಲಕ್ಕೆ ಕೈಹಾಕದ ಮನುಷ್ಯ. ಪೆನ್ನಿನ ತುದಿ ಕಾಗದದ ಮೇಲೆ ಎಷ್ಟು ಹೊತ್ತು ನಿಂತಿತೆಂದರೆ, ಬರೆಯುವುದಿಲ್ಲವೆಂದೇ ನಾನು ಅಂದುಕೊಂಡೆ. ಕೊನೆಗೆ ಒಂದೇ ಒಂದು ಅಕ್ಷರ ಹೊಡೆದುಹಾಕಿದರು, ‘ಗ್ತೀ’. ಅದರ ಮೇಲೆ ಸಣ್ಣಗೆ, ಕರಡಿನಲ್ಲಿ ಬರೆಯುವ ಹಾಗೆ, ‘ಗಿ ಬರ್ತೀ’ ಎಂದು ಬರೆದರು.

ಕೆಂಚಮ್ಮ ಆ ಕೆಂಪು ಗುರುತಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು. “ಓದವ್ವ.”

“ಅಮ್ಮ, ಹೋಗಿ ಬರ್ತೀನಿ” ಎಂದು ಓದಿದೆ.

ಕೆಂಚಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

“ಊಂ” ಅಂದಳು. “ಓಗ್ಬುಟ್ಟು ಬಾ ಮಗ.”